ಗಿಡದೊಳಗೆ ನೀರು ಏರುವ, ಸಕ್ಕರೆ ಹರಿಯುವ ದಾರಿ: ನಮ್ಮ ಹೊಲದಲ್ಲೇ ನೋಡಿ ತಿಳಿಯುವ ಕ್ರಮ

ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಹಿಂಗಾರಿ ಜೋಳವು ಬಿತ್ತನೆಯ ನಂತರ ಹೇಳಿಕೊಳ್ಳುವಂಥ ಮಳೆ ಕಾಣದೆಯೂ ಎರೆ ಭೂಮಿಯ ಆಳದಲ್ಲಿ ಉಳಿದ ತೇವವನ್ನೇ ನಂಬಿ ಆಳೆತ್ತರ ಬೆಳೆದು ತೆನೆ ಕಟ್ಟುತ್ತದೆ. ಅದೇ ಜಿಲ್ಲೆಗಳ ನೀರಾವರಿ ಪ್ರದೇಶದಲ್ಲಿ ಕಬ್ಬು ತನ್ನ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗೆಣ್ಣುಗೆಣ್ಣಿನ ನಡುವೆ ತುಂಬಿಕೊಳ್ಳುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮಾಡಿದ, ಅಂದರೆ ಕಡ್ಡಿ ಕತ್ತರಿಸಿದ, ಬಳ್ಳಿಯ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಈ ಮೂರೂ ಒಂದೇ ವಿಷಯದ ಮೂರು ಮುಖಗಳು. ಬೇರಿನಿಂದ ಎಲೆಗೆ ನೀರನ್ನು ಒಯ್ಯುವ ವ್ಯವಸ್ಥೆ ಒಂದು, ಎಲೆಯಿಂದ ಉಳಿದ ಅಂಗಗಳಿಗೆ ಸಕ್ಕರೆಯನ್ನು ಒಯ್ಯುವ ವ್ಯವಸ್ಥೆ ಇನ್ನೊಂದು; ಮೊದಲನೆಯದನ್ನು ಕ್ಸೈಲಂ ಎಂದೂ ಎರಡನೆಯದನ್ನು ಫ್ಲೋಯಂ ಎಂದೂ ಹತ್ತನೆಯ ತರಗತಿಯ ಹೊತ್ತಿಗೆ ಎಲ್ಲ ವಿದ್ಯಾರ್ಥಿಗಳೂ ಕಲಿತಿರುತ್ತಾರೆ. ಆದರೆ ಹೆಸರು ಕಲಿತ ಬಹಳ ಮಂದಿಗೆ ಇವೆರಡನ್ನೂ ನಡೆಸುವ ಶಕ್ತಿ ಬೇರೆ ಬೇರೆ ಎಂಬುದು ಮನಸ್ಸಿಗೆ ಬಂದಿರುವುದಿಲ್ಲ. ಎಲೆಯು ನೀರನ್ನು ತನ್ನತ್ತ ಎಳೆಯುತ್ತದೆ. ಸಕ್ಕರೆಯನ್ನು ತನ್ನಿಂದ ಹೊರಕ್ಕೆ ತಳ್ಳುತ್ತದೆ. ಈ ಎಳೆತ ಮತ್ತು ತಳ್ಳುವಿಕೆಯ ವ್ಯತ್ಯಾಸವನ್ನು ಕಣ್ಣಿನಿಂದಲೇ ಕಂಡುಕೊಳ್ಳುವುದು ಹೇಗೆ, ಕಂಡದ್ದನ್ನು ತೋಟದಲ್ಲಿ ಬಳಸುವುದು ಹೇಗೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಇದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಹೊಸ ಬ್ಲೇಡು, ಕೆಂಪು ಶಾಯಿ ಅಥವಾ ತಿಂಡಿಗೆ ಹಾಕುವ ಕೆಂಪು ಬಣ್ಣ, ನಾಲ್ಕು ಖಾಲಿ ನೀರಿನ ಬಾಟಲಿ, ಸ್ವಲ್ಪ ಅಡುಗೆ ಎಣ್ಣೆ, ವ್ಯಾಸಲೀನ್, ಒಂದು ಭೂತಗನ್ನಡಿ ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಸಕ್ಕರೆ ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಬೇಕು. ದ್ರಾಕ್ಷಿ ಬೆಳೆಗಾರರಲ್ಲಿ ಹಲವರ ಬಳಿ ಅದು ಇರುತ್ತದೆ. ಮಕ್ಕಳಿಂದ ಮಾಡಿಸುವಾಗ ಬ್ಲೇಡಿನ ಕೆಲಸವನ್ನು ದೊಡ್ಡವರೇ ಮಾಡಬೇಕು.

ಮೊದಲು ನೀರಿನ ದಾರಿಯನ್ನು ನೋಡಿ

ಕರ್ಣಕುಂಡಲ ಗಿಡದ ದಂಟು ಸ್ವಲ್ಪ ಪಾರದರ್ಶಕವಾಗಿರುವುದರಿಂದ ಈ ಪ್ರಯೋಗಕ್ಕೆ ಅದಕ್ಕಿಂತ ಸೂಕ್ತವಾದದ್ದು ಇನ್ನೊಂದಿಲ್ಲ. ಅದು ಸಿಗದಿದ್ದರೆ ಬಿಳಿ ಸೇವಂತಿಗೆಯ ಹೂವಿನ ದಂಟನ್ನು ಬಳಸಬಹುದು. ದಂಟನ್ನು ಕೊಯ್ಯುವಾಗ ಒಂದು ಎಚ್ಚರ ಅಗತ್ಯ: ಗಿಡದಿಂದ ಕತ್ತರಿಸಿ ತಂದ ದಂಟಿನ ಬುಡವನ್ನು ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಇನ್ನೆರಡು ಬೆರಳಿನಷ್ಟು ತುಂಡನ್ನು ಓರೆಯಾಗಿ ಕತ್ತರಿಸಿ ತೆಗೆಯಬೇಕು. ಹಗಲಿನಲ್ಲಿ ದಂಟಿನೊಳಗಿನ ನೀರು ಎಳೆತದಲ್ಲಿರುವುದರಿಂದ ಗಾಳಿಯಲ್ಲಿ ಕತ್ತರಿಸಿದೊಡನೆ ಆ ನೀರು ಒಳಕ್ಕೆ ಸರಿದು, ಖಾಲಿಯಾದ ನಾಳದೊಳಕ್ಕೆ ಗಾಳಿ ನುಗ್ಗುತ್ತದೆ. ಗಾಳಿಗುಳ್ಳೆ ಸಿಕ್ಕಿಕೊಂಡ ನಾಳದಲ್ಲಿ ನೀರಿನ ಹರಿವು ನಿಂತುಹೋಗುತ್ತದೆ. ಮನೆಯ ಹೂದಾನಿಯಲ್ಲಿಟ್ಟ ಹೂ ಬೇಗ ಬಾಡುವುದಕ್ಕೂ ಇದು ಒಂದು ಕಾರಣ.

ಹೀಗೆ ಕತ್ತರಿಸಿದ ದಂಟನ್ನು ಕೆಂಪು ಬಣ್ಣ ಕಲಸಿದ ನೀರಿನಲ್ಲಿ ನಿಲ್ಲಿಸಿ, ಗಾಳಿ ಬೆಳಕು ಇರುವ ಕಡೆ ಇಡಿ. ಬಿಸಿಲಿನ ದಿನವಾದರೆ ಕರ್ಣಕುಂಡಲದ ದಂಟಿನಲ್ಲಿ ಕೆಂಪು ಗೆರೆಗಳು ಮೇಲೇರುವುದು ಹೊತ್ತು ಕಳೆಯುವುದರೊಳಗೆ ಕಾಣಿಸುತ್ತದೆ. ಬಿಳಿ ಹೂವಿನ ಎಸಳುಗಳಲ್ಲಿ ಬಣ್ಣ ಕಾಣಿಸಲು ಹಲವು ಗಂಟೆಗಳು ಹಿಡಿಯಬಹುದು. ಬಣ್ಣ ಏರಿದ ಮೇಲೆ ದಂಟನ್ನು ಅಡ್ಡಲಾಗಿ ಕಾಗದದಷ್ಟು ತೆಳ್ಳಗೆ ಕೊಯ್ದು ಭೂತಗನ್ನಡಿಯಲ್ಲಿ ನೋಡಬೇಕು. ಇಡೀ ದಂಟು ಕೆಂಪಾಗಿರುವುದಿಲ್ಲ. ಸುತ್ತಲೂ ಬಳೆಯಾಕಾರದಲ್ಲಿ ಜೋಡಿಸಿದ ಬಿಂದುಗಳು ಮಾತ್ರ ಕೆಂಪಾಗಿರುತ್ತವೆ. ಒಂದೊಂದು ಬಿಂದುವೂ ಒಂದೊಂದು ನಾಳಕೂರ್ಚದೊಳಗಿನ, ಅಂದರೆ ಕೊಳವೆಗಳ ಕಟ್ಟಿನೊಳಗಿನ, ಕ್ಸೈಲಂ. ಇದೇ ಪ್ರಯೋಗವನ್ನು ಎಳೆಯ ಜೋಳದ ಅಥವಾ ಗೋವಿನಜೋಳದ ದಂಟಿನಲ್ಲಿ ಮಾಡಿದರೆ ಬಿಂದುಗಳು ಬಳೆಯಾಕಾರದಲ್ಲಿರುವುದಿಲ್ಲ, ದಂಟಿನ ತುಂಬ ಹರಡಿಕೊಂಡಿರುತ್ತವೆ, ಅಂಚಿನ ಹತ್ತಿರ ಹೆಚ್ಚು ಒತ್ತಾಗಿರುತ್ತವೆ. ದ್ವಿದಳ ಮತ್ತು ಏಕದಳ ಸಸ್ಯಗಳ ನಡುವಿನ ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ತೊಗಟೆ ತೆಗೆಯುವ ಪ್ರಯೋಗಕ್ಕೆ ಬಂದಾಗ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಬಣ್ಣ ಏರಿದ ಆ ನಾಳಗಳು ಸತ್ತ ಜೀವಕೋಶಗಳಿಂದ ಆದವು. ಜೀವಕೋಶ ಬೆಳೆದು, ತನ್ನ ಗೋಡೆಯನ್ನು ಲಿಗ್ನಿನ್‌ನಿಂದ ಗಟ್ಟಿ ಮಾಡಿಕೊಂಡು, ಒಳಗಿನ ಜೀವದ್ರವ್ಯವನ್ನೆಲ್ಲ ಕಳೆದುಕೊಂಡ ಮೇಲೆಯೇ ಅದು ನೀರಿನ ಕೊಳವೆಯಾಗಿ ಕೆಲಸ ಮಾಡುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಮರದ ಕಾಂಡವನ್ನು ವಿಷದ ದ್ರಾವಣದಲ್ಲಿ ಇಟ್ಟು ಅದರ ಜೀವಕೋಶಗಳನ್ನು ಕೊಂದ ಮೇಲೂ ದ್ರಾವಣ ಮೇಲೇರುತ್ತಲೇ ಇದ್ದುದನ್ನು ತೋರಿಸಿದ್ದರು. ನಮ್ಮ ಜಗದೀಶಚಂದ್ರ ಬೋಸರು 1923ರಲ್ಲಿ ಇದಕ್ಕೆ ಬೇರೆಯದೇ ವಿವರಣೆ ಕೊಟ್ಟು, ಕಾಂಡದ ಜೀವಂತ ಕೋಶಗಳು ಮಿಡಿಯುತ್ತ ನೀರನ್ನು ಮೇಲಕ್ಕೆ ಒತ್ತುತ್ತವೆ ಎಂದು ವಾದಿಸಿದರು. ಸಸ್ಯಗಳ ಸಂವೇದನೆಯ ವಿಷಯದಲ್ಲಿ ಬೋಸರ ಕೆಲಸಕ್ಕೆ ಇಂದಿಗೂ ದೊಡ್ಡ ಬೆಲೆಯಿದೆ. ಆದರೆ ನೀರಿನ ಏರಿಕೆಯ ವಿಷಯದಲ್ಲಿ ಮುಂದಿನ ವಿಜ್ಞಾನ ಅವರ ವಿವರಣೆಯನ್ನು ಒಪ್ಪಲಿಲ್ಲ. ಇದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು ಎಂಬುದು ನನ್ನ ಅಭಿಪ್ರಾಯ; ದೊಡ್ಡವರ ಒಂದು ವಾದ ಬಿದ್ದುಹೋಗುವುದೂ ವಿಜ್ಞಾನದ ಪಾಠವೇ.

ನೀರನ್ನು ಎಳೆಯುವುದು ಎಲೆ

ನಾಲ್ಕು ಬಾಟಲಿಗಳಲ್ಲಿ ಒಂದೇ ಮಟ್ಟಕ್ಕೆ ನೀರು ತುಂಬಿ, ಒಂದೇ ಗಾತ್ರದ, ಸರಿಸುಮಾರು ಒಂದೇ ಸಂಖ್ಯೆಯ ಎಲೆಗಳಿರುವ ದಾಸವಾಳದ ನಾಲ್ಕು ಟೊಂಗೆಗಳನ್ನು ಮೇಲೆ ಹೇಳಿದಂತೆ ನೀರಿನೊಳಗೆ ಕತ್ತರಿಸಿ ಅವುಗಳಲ್ಲಿ ನಿಲ್ಲಿಸಿ. ನೀರಿನ ಮೇಲೆ ಎಣ್ಣೆಯ ತೆಳುಪದರ ಹಾಕಿದರೆ ಬಾಟಲಿಯ ಬಾಯಿಯಿಂದ ನೀರು ಆವಿಯಾಗುವುದಿಲ್ಲ. ಆದ್ದರಿಂದ ಕಡಿಮೆಯಾದ ನೀರೆಲ್ಲವೂ ಟೊಂಗೆಯ ಮೂಲಕವೇ ಹೋಗಿರಬೇಕು. ಮೊದಲನೆಯ ಟೊಂಗೆಯನ್ನು ಬಿಸಿಲು ಗಾಳಿಯಲ್ಲಿಡಿ, ಎರಡನೆಯದನ್ನು ನೆರಳಿನ ಕೋಣೆಯಲ್ಲಿಡಿ. ಮೂರನೆಯದರ ಎಲೆಗಳನ್ನೆಲ್ಲ ಕಿತ್ತುಹಾಕಿ ಬಿಸಿಲಿನಲ್ಲಿಡಿ. ನಾಲ್ಕನೆಯದರ ಪ್ರತಿ ಎಲೆಯ ಕೆಳಮೈಗೆ ವ್ಯಾಸಲೀನ್ ಸವರಿ ಅದನ್ನೂ ಬಿಸಿಲಿನಲ್ಲಿಡಿ. ನೀರಿನ ಮಟ್ಟವನ್ನು ಪೆನ್ನಿನಿಂದ ಗುರುತು ಮಾಡಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡಿ. ಬಿಸಿಲಿನಲ್ಲಿ ನಿಂತ ಎಲೆಯುಳ್ಳ ಟೊಂಗೆ ಅತಿ ಹೆಚ್ಚು ನೀರು ಎಳೆದಿರುತ್ತದೆ, ನೆರಳಿನದು ಅದಕ್ಕಿಂತ ಕಡಿಮೆ. ಎಲೆ ಕಿತ್ತದ್ದು ಮತ್ತು ವ್ಯಾಸಲೀನ್ ಸವರಿದ್ದು ತೀರ ಕಡಿಮೆ. ದಾಸವಾಳದ ಪತ್ರರಂಧ್ರಗಳು (ಎಲೆಯ ಮೈಯಲ್ಲಿರುವ ಅತಿಸಣ್ಣ ತೂತುಗಳು) ಹೆಚ್ಚಾಗಿ ಎಲೆಯ ಕೆಳಮೈಯಲ್ಲಿರುವುದರಿಂದ ಅವು ಮುಚ್ಚಿಹೋದರೆ ಎಲೆಯಿದ್ದೂ ಇಲ್ಲದಂತೆ ಆಗುತ್ತದೆ.

ಇದರ ಹಿಂದಿನ ಕೆಲಸ ಹೀಗೆ ನಡೆಯುತ್ತದೆ. ಎಲೆಯೊಳಗಿನ ಜೀವಕೋಶಗಳ ಒದ್ದೆ ಗೋಡೆಗಳಿಂದ ನೀರು ಆವಿಯಾಗಿ ಪತ್ರರಂಧ್ರಗಳ ಮೂಲಕ ಹೊರಹೋದಂತೆ, ಆ ಗೋಡೆಗಳ ಅತಿಸೂಕ್ಷ್ಮ ಸಂದುಗಳಲ್ಲಿ ಉಳಿದ ನೀರು ಒಳಕ್ಕೆ ಬಾಗಿ, ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಆ ಎಳೆತ ಎಲೆಯ ನರದಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ, ಬೇರಿನಿಂದ ಮಣ್ಣಿನ ತೇವಕ್ಕೆ ಕಡಿಯದ ಒಂದೇ ಕಂಬವಾಗಿ ಮುಟ್ಟುತ್ತದೆ. 1894ರಲ್ಲಿ ಐರ್ಲೆಂಡಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ ಈ ವಿವರಣೆಯನ್ನು ಮುಂದಿಟ್ಟರು. ಬಾವಿಯ ದಂಡೆಯ ಮೇಲಿಟ್ಟ ಪಂಪು ಏಳೆಂಟು ಮೀಟರಿಗಿಂತ ಆಳದ ನೀರನ್ನು ಎತ್ತಲಾರದು ಎಂಬುದು ನಮ್ಮ ರೈತರಿಗೆಲ್ಲ ಗೊತ್ತು. ಅಲ್ಲಿ ನೀರನ್ನು ಮೇಲಕ್ಕೆ ಒತ್ತುವುದು ಹೊರಗಿನ ವಾತಾವರಣದ ಒತ್ತಡ, ಅದರ ಮಿತಿ ಲೆಕ್ಕದ ಪ್ರಕಾರವೂ 10.3 ಮೀಟರ್. ಗಿಡಕ್ಕೆ ಈ ಮಿತಿ ಇಲ್ಲ, ಏಕೆಂದರೆ ಅದು ವಾತಾವರಣದ ಒತ್ತಡವನ್ನು ನೆಚ್ಚಿಕೊಂಡಿಲ್ಲ. ನೀರಿನ ಕಂಬವನ್ನೇ ಹಿಡಿದು ಎಳೆಯುತ್ತದೆ. ಆದ್ದರಿಂದಲೇ ಅಮೆರಿಕದ ಪಶ್ಚಿಮ ಕರಾವಳಿಯ ರೆಡ್‌ವುಡ್ ಮರಗಳು 110 ಮೀಟರ್ ದಾಟಿ ಬೆಳೆದೂ ತುದಿಯ ಎಲೆಗೆ ನೀರು ಮುಟ್ಟಿಸುತ್ತವೆ.

ಬೇರು ಹೀರಿದ ನೀರಿನಲ್ಲಿ ಗಿಡ ತನ್ನ ದೇಹಕ್ಕೆ ಇಟ್ಟುಕೊಳ್ಳುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಉಳಿದದ್ದು ಎಲೆಯಿಂದ ಆವಿಯಾಗಿ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಒಳಬರಬೇಕಾದರೆ ಪತ್ರರಂಧ್ರ ತೆರೆಯಲೇಬೇಕು, ತೆರೆದರೆ ನೀರು ಹೋಗಲೇಬೇಕು. ಜೋಳ ಈ ವ್ಯವಹಾರದಲ್ಲಿ ಬಹಳ ಮಿತವ್ಯಯಿ. ಒಂದು ಕಿಲೋ ಒಣಪದಾರ್ಥ ಬೆಳೆಸಲು ಅದು ಸುಮಾರು 300 ಲೀಟರ್ ನೀರನ್ನು ಆವಿಯಾಗಿಸಿದರೆ, ಕುದುರೆಮಸಾಲೆ ಮೇವಿನ ಬೆಳೆಗೆ ಅದರ ಎರಡು ಪಟ್ಟಿಗೂ ಹೆಚ್ಚು ಬೇಕು. ಎರೆ ಭೂಮಿಯಲ್ಲಿ ಒಂದರಿಂದ ಒಂದೂವರೆ ಮೀಟರ್ ಆಳದವರೆಗೆ ಬೇರು ಇಳಿಸುವ ಹಿಂಗಾರಿ ಜೋಳ ಮಳೆಯಿಲ್ಲದೆಯೂ ಬದುಕುವುದಕ್ಕೆ ಈ ಮಿತವ್ಯಯವೂ ಒಂದು ಕಾರಣ.

ಹೊಲದಲ್ಲಿ ಇದನ್ನು ಬಳಸುವ ಬಗೆ ಸರಳವಾಗಿದೆ. ಸೂರ್ಯಕಾಂತಿಯ ಎಲೆ ಮಧ್ಯಾಹ್ನ ಜೋತುಬಿದ್ದುದನ್ನು ನೋಡಿದ ಕೂಡಲೇ ನೀರು ಬಿಡುವ ಅವಸರ ಬೇಡ. ಬಿಸಿಲಿನ ಹೊತ್ತಿನಲ್ಲಿ ಎಲೆ ಕಳೆದುಕೊಳ್ಳುವ ವೇಗಕ್ಕೆ ಬೇರಿನ ಪೂರೈಕೆ ಸಾಲದೆ ಬರುವ ತಾತ್ಕಾಲಿಕ ಬಾಡುವಿಕೆ ಅದು. ಮರುದಿನ ಸೂರ್ಯ ಹುಟ್ಟುವ ಮುಂಚೆ ಹೋಗಿ ನೋಡಬೇಕು. ರಾತ್ರಿಯೆಲ್ಲ ಪತ್ರರಂಧ್ರ ಮುಚ್ಚಿದ್ದು ಬೇರು ನೀರು ತುಂಬಿಸಿಕೊಟ್ಟಿದ್ದರೆ ಎಲೆ ನೆಟ್ಟಗಾಗಿರುತ್ತದೆ. ಬೆಳಗಿನ ಹೊತ್ತಿಗೂ ಎಲೆ ಜೋತುಬಿದ್ದೇ ಇದ್ದರೆ ಮಣ್ಣಿನಲ್ಲಿ ಬೇರಿಗೆ ಸಿಗುವ ನೀರು ಮುಗಿದಿದೆ ಎಂದರ್ಥ. ಆಗ ತಡಮಾಡಬಾರದು.

ಎಲೆಯಿಲ್ಲದೆಯೂ ಏರುವ ನೀರು

ದ್ರಾಕ್ಷಿಯಲ್ಲಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡು ಸಲ ಕತ್ತರಿಸುವುದು ನಮ್ಮಲ್ಲಿ ರೂಢಿ. ಮಣ್ಣಿನಲ್ಲಿ ಚೆನ್ನಾಗಿ ತೇವವಿದ್ದಾಗ ಚಾಟ್ನಿ ಮಾಡಿದ ಕಡ್ಡಿಯ ತುದಿಯಿಂದ ತಿಳಿನೀರು ತೊಟ್ಟಿಕ್ಕುವುದನ್ನು ಬೆಳಿಗ್ಗೆ ಬೇಗ ಹೋದರೆ ಸ್ಪಷ್ಟವಾಗಿ ನೋಡಬಹುದು. ಅಲ್ಲಿ ಎಳೆಯಲು ಎಲೆಯೇ ಇಲ್ಲ. ಹಾಗಾದರೆ ನೀರು ಬಂದದ್ದು ಹೇಗೆ? ಬೇರಿನ ಜೀವಕೋಶಗಳು ಲವಣಗಳನ್ನು ಶಕ್ತಿ ವ್ಯಯಿಸಿ ಕ್ಸೈಲಂ ಒಳಗೆ ತುಂಬುತ್ತವೆ, ಲವಣ ಸೇರಿದಲ್ಲಿಗೆ ಅಭಿಸರಣೆಯಿಂದ ನೀರು ನುಗ್ಗುತ್ತದೆ, ಆ ನೀರು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕತ್ತರಿಸಿದ ದ್ರಾಕ್ಷಿ ಬಳ್ಳಿಗೇ ಕೊಳವೆ ಜೋಡಿಸಿ ಈ ಒತ್ತಡವನ್ನು ಅಳೆದು 1727ರಲ್ಲಿ ಪ್ರಕಟಿಸಿದರು.

ಮನೆಯಲ್ಲಿ ನೋಡಬೇಕೆನ್ನುವವರು ಒಂದು ತಟ್ಟೆಯಲ್ಲಿ ಜೋಳ ಅಥವಾ ಗೋಧಿಯನ್ನು ಮೊಳೆಸಿ, ಸಸಿ ನಾಲ್ಕು ಬೆರಳು ಬೆಳೆದ ಮೇಲೆ ಸಂಜೆ ಚೆನ್ನಾಗಿ ನೀರುಣಿಸಿ ಮೇಲೊಂದು ಗಾಜಿನ ಬೋಗುಣಿ ಕವುಚಿಡಬೇಕು. ಬೆಳಿಗ್ಗೆ ಪ್ರತಿ ಎಲೆಯ ತುದಿಯಲ್ಲಿ ಒಂದೊಂದು ಹನಿ ನಿಂತಿರುತ್ತದೆ. ಅದು ಇಬ್ಬನಿಯಲ್ಲ, ಇಬ್ಬನಿ ಎಲೆಯ ಮೈಮೇಲೆಲ್ಲ ಕೂರುತ್ತದೆ, ಇದು ತುದಿಯಲ್ಲಿ ಮಾತ್ರ. ಆದರೆ ಬೇರಿನ ಈ ಒತ್ತಡ ಸಾಮಾನ್ಯವಾಗಿ ವಾತಾವರಣದ ಒಂದು ಪಟ್ಟಿನ ಆಸುಪಾಸಿನದು, ಹಗಲಿನಲ್ಲಿ ಎಲೆಗಳು ಎಳೆಯತೊಡಗಿದ ಮೇಲೆ ಅದರ ಸುಳಿವೂ ಇರುವುದಿಲ್ಲ. ಎತ್ತರದ ಮರದ ನೀರಿನ ಹೊರೆಯನ್ನು ಅದು ಹೊರಲಾರದು.

ನೀರಿನಲ್ಲೇ ನಿಂತು ಬಾಡುವ ಬೆಳೆ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟಿನ ಸವಳು-ಜವಳು (ಉಪ್ಪು ಸೇರಿದ, ನೀರು ನಿಂತ) ಜಮೀನುಗಳಲ್ಲಿ ಕಾಲಿಟ್ಟರೆ ಹೂತುಹೋಗುವಷ್ಟು ನೀರಿದ್ದರೂ ಕಬ್ಬಿನ ಎಲೆ ಒಣಗಿರುವುದು ಕಾಣುತ್ತದೆ. ನೀರು ಬೇರಿನೊಳಗೆ ಹೋಗಬೇಕಾದರೆ ಮಣ್ಣಿನ ದ್ರಾವಣಕ್ಕಿಂತ ಬೇರಿನೊಳಗಿನ ಎಳೆತ ಹೆಚ್ಚಿರಬೇಕು. ಮಣ್ಣಿನಲ್ಲಿ ಉಪ್ಪು ಹೆಚ್ಚಿದಂತೆ ಮಣ್ಣೇ ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಇನ್ನೊಂದೆಡೆ ಜವಳಿನಲ್ಲಿ ಗಾಳಿಯಾಡದೆ ಬೇರಿನ ಉಸಿರಾಟ ನಿಂತು ಅದರ ಹೀರುವ ಶಕ್ತಿಯೇ ಕುಂದುತ್ತದೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಸವಳು ಮಣ್ಣು ಎಂದು ಪರಿಗಣಿಸುತ್ತಾರೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಈ ಅಂಕಿಯನ್ನು ಹುಡುಕಿ ನೋಡುವುದು ಪ್ರತಿ ಕಬ್ಬು ಬೆಳೆಗಾರನಿಗೆ ಅಗತ್ಯ.

ಪ್ರಯೋಗಕ್ಕೆ ಎರಡು ಕುಂಡಗಳಲ್ಲಿ ಒಂದೇ ವಯಸ್ಸಿನ ಟೊಮೆಟೊ ಸಸಿ ಬೆಳೆಸಿ, ಒಂದಕ್ಕೆ ಸಾದಾ ನೀರನ್ನೂ ಇನ್ನೊಂದಕ್ಕೆ ಲೀಟರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿದ ನೀರನ್ನೂ ಕುಂಡದ ತಳದಿಂದ ಇಳಿಯುವಷ್ಟು ಹಾಕಿ. ಎರಡನೆಯದು ತೇವದ ಮಣ್ಣಿನಲ್ಲಿ ನಿಂತೇ ಬಾಡುತ್ತದೆ. ಇಂಥ ಹೊಲಕ್ಕೆ ಇನ್ನಷ್ಟು ನೀರು ಬಿಟ್ಟು ಬೆಳೆಯನ್ನು ಉಳಿಸುತ್ತೇನೆನ್ನುವುದು ವ್ಯರ್ಥ ಪ್ರಯತ್ನ. ನೀರು ಹೊರಹೋಗಲು ಬಸಿಗಾಲುವೆ ಮಾಡುವುದೇ ಅದಕ್ಕೆ ಮದ್ದು. ನೀರಿಗಾಗಿ ಹೋರಾಡಿದ ನಾಡಿನಲ್ಲಿ ನೀರು ಹೆಚ್ಚಾಗಿ ಭೂಮಿ ಹಾಳಾಗುತ್ತಿರುವುದನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ.

ಸಕ್ಕರೆಯ ದಾರಿ: ತೊಗಟೆಯ ಒಂದು ಉಂಗುರ

ಸಕ್ಕರೆಗೆ ಬಣ್ಣ ಹಾಕಿ ನೋಡಲಾಗದು. ಫ್ಲೋಯಂನ ಜರಡಿ ನಳಿಕೆಗಳು ಜೀವಂತ ಕೋಶಗಳು, ಕತ್ತರಿಸಿದೊಡನೆ ತಾವೇ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಅವುಗಳ ದಾರಿಯನ್ನು ತಡೆದು, ತಡೆದ ಜಾಗದಲ್ಲಿ ಏನಾಗುತ್ತದೆ ಎಂದು ನೋಡುವುದೇ ಉಪಾಯ. 17ನೆಯ ಶತಮಾನದಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಘಿ ಮಾಡಿದ್ದೂ ಇದನ್ನೇ.

ಮುಂದೆ ಹೇಗೂ ಕತ್ತರಿಸಿ ತೆಗೆಯಬೇಕಾದ ಬೇವಿನ, ಪೇರಲದ ಅಥವಾ ದಾಳಿಂಬೆಯ ಬೆರಳುಗಾತ್ರದ ಒಂದು ಟೊಂಗೆಯನ್ನು ಆರಿಸಿಕೊಳ್ಳಿ. ಅದರ ಮೇಲೆ ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ ಸುತ್ತಲೂ ಎರಡು ಗೆರೆ ಕೊಯ್ದು, ನಡುವಿನ ತೊಗಟೆಯನ್ನು ಉಂಗುರದಂತೆ ಸುಲಿದು ತೆಗೆಯಿರಿ. ಕೊಯ್ತ ಕಟ್ಟಿಗೆಗೆ ಇಳಿಯಬಾರದು. ಸುಲಿದ ಜಾಗದಲ್ಲಿ ಕೈಗೆ ಜಾರುವ ತೆಳುಪದರ ಉಳಿದಿದ್ದರೆ ಅದನ್ನೂ ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು. ಅದು ಕೇಂಬಿಯಂ, ಉಳಿದರೆ ಹೊಸ ತೊಗಟೆಯನ್ನು ಬೆಳೆಸಿ ದಾರಿಯನ್ನು ಮತ್ತೆ ಜೋಡಿಸಿಬಿಡುತ್ತದೆ. ನಂತರದ ವಾರಗಳಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಉಂಗುರದ ಮೇಲಿನ ಎಲೆಗಳು ಬಾಡುವುದಿಲ್ಲ, ಏಕೆಂದರೆ ನೀರಿನ ದಾರಿಯಾದ ಕಟ್ಟಿಗೆ ಹಾಗೆಯೇ ಇದೆ. ಉಂಗುರದ ಮೇಲಂಚಿನ ತೊಗಟೆ ಊದಿಕೊಳ್ಳುತ್ತದೆ, ಕೆಳಂಚು ಊದುವುದಿಲ್ಲ; ಕೆಳಗಿಳಿಯಬೇಕಾದ ಸಕ್ಕರೆ ಅಲ್ಲಿಯೇ ತಡೆದು ನಿಂತಿರುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈ ಊದಿದ ಜಾಗವನ್ನೇ ನಮ್ಮ ದಾಳಿಂಬೆ ಬೆಳೆಗಾರರು ಗೂಟಿ ಕಟ್ಟಲು ಬಳಸುತ್ತಾರೆ. ಮಳೆಗಾಲದಲ್ಲಿ ಉಂಗುರ ತೆಗೆದ ಭಾಗಕ್ಕೆ ನೆನೆಸಿದ ಪಾಚಿಯನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿದು ಕಟ್ಟಿದರೆ, ಮೇಲಿನಿಂದ ಇಳಿದು ಬಂದ ಸಕ್ಕರೆ ಮತ್ತು ಬೇರು ಹುಟ್ಟಿಸುವ ಆಕ್ಸಿನ್ ಅಲ್ಲಿ ಸೇರಿ, ತೇವ ಸಿಕ್ಕೊಡನೆ ಬೇರೊಡೆಯುತ್ತದೆ. ಪ್ಲಾಸ್ಟಿಕ್‌ನ ಒಳಗಿನಿಂದ ಬೇರು ಕಂದುಬಣ್ಣಕ್ಕೆ ತಿರುಗಿದ್ದು ಕಂಡ ಮೇಲೆ ಉಂಗುರದ ಕೆಳಗೆ ಕತ್ತರಿಸಿ ನೆಡಬಹುದು. ಬೇರು ಯಾವಾಗಲೂ ಮೇಲಂಚಿನಿಂದಲೇ ಬರುತ್ತದೆ ಎಂಬುದನ್ನು ಬಿಚ್ಚಿ ನೋಡಿದವರೆಲ್ಲ ಕಂಡಿರುತ್ತಾರೆ.

ದ್ರಾಕ್ಷಿಯ ಗರ್ಡ್ಲಿಂಗ್ ಇದೇ ತತ್ವದ ಇನ್ನೊಂದು, ಹೆಚ್ಚು ನಾಜೂಕಾದ ಬಳಕೆ. ಕಾಯಿ ಕಟ್ಟಿದ ಸ್ವಲ್ಪ ದಿನಕ್ಕೆ ಕಾಂಡದಿಂದ ಅಥವಾ ಕಡ್ಡಿಯಿಂದ ಕೆಲವೇ ಮಿಲಿಮೀಟರ್ ಅಗಲದ ತೊಗಟೆಯ ಉಂಗುರ ತೆಗೆದರೆ, ಬೇರಿಗೆ ಇಳಿಯಬೇಕಾಗಿದ್ದ ಸಕ್ಕರೆ ಗೊನೆಗಳಿಗೆ ಸಿಕ್ಕು ಕಾಯಿಯ ಗಾತ್ರ ಹೆಚ್ಚುತ್ತದೆ. ಕೆಲವು ವಾರಗಳಲ್ಲಿ ಗಾಯ ಕೂಡಿಕೊಂಡು ಹರಿವು ಮತ್ತೆ ಆರಂಭವಾಗಬೇಕು. ಉಂಗುರವನ್ನು ಇಷ್ಟು ಕಿರಿದಾಗಿ ಇಡುವುದು ಅದಕ್ಕಾಗಿಯೇ. ಆ ವಾರಗಳಲ್ಲಿ ಬೇರು ತನ್ನ ಹಳೆಯ ದಾಸ್ತಾನಿನ ಮೇಲೆ ಬದುಕುತ್ತದೆ. ಹಾಗಾಗಿ ರೋಗ ತಗುಲಿದ, ನೀರಿನ ಕೊರತೆಯಲ್ಲಿರುವ ಅಥವಾ ಕಳೆದ ವರ್ಷ ವಿಪರೀತ ಫಸಲು ಹೊತ್ತು ಸೊರಗಿದ ಬಳ್ಳಿಗೆ ಗರ್ಡ್ಲಿಂಗ್ ಮಾಡಬಾರದೆಂಬುದು ನನ್ನ ಖಚಿತವಾದ ಸಲಹೆ. ಪಕ್ಕದ ತೋಟದಲ್ಲಿ ಮಾಡಿದರೆಂಬ ಒಂದೇ ಕಾರಣಕ್ಕೆ ಚಾಕು ಹಿಡಿಯಬೇಡಿ. ಅಗಲವಾದ ಉಂಗುರ ಕೂಡಿಕೊಳ್ಳದೆ ಹೋದರೆ ಬೇರು ಹಸಿವಿನಿಂದ ಸತ್ತು, ಬೇರು ಸತ್ತ ಮೇಲೆ ನೀರು ನಿಂತು, ಕೊನೆಗೆ ಬಳ್ಳಿಯೇ ಒಣಗುತ್ತದೆ. ರಸ್ತೆ ಬದಿಯ ಮರಗಳ ಬುಡದ ತೊಗಟೆಯನ್ನು ಸುತ್ತಲೂ ಸುಲಿದು ಮರ ಕೊಲ್ಲುವವರು ಮಾಡುವುದು ಇದನ್ನೇ. ಎಲೆ ಬಹಳ ದಿನ ಹಸಿರಾಗಿಯೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಜೋಳ, ಕಬ್ಬು, ಬಾಳೆ, ತೆಂಗುಗಳಲ್ಲಿ ಈ ಪ್ರಯೋಗ ನಡೆಯುವುದಿಲ್ಲ. ಅವುಗಳ ಫ್ಲೋಯಂ ಹೊರಗಿನ ತೊಗಟೆಯಲ್ಲಿ ಒಂದು ಪದರವಾಗಿರದೆ, ಬಣ್ಣದ ಪ್ರಯೋಗದಲ್ಲಿ ಕಂಡ ಚದುರಿದ ಬಿಂದುಗಳೊಳಗೆಲ್ಲ ಹಂಚಿಹೋಗಿದೆ.

ಸಕ್ಕರೆಯನ್ನು ತಳ್ಳುವ ಒತ್ತಡ

ಎಲೆಯಲ್ಲಿ ದ್ಯುತಿಸಂಶ್ಲೇಷಣೆಯಿಂದ ಹುಟ್ಟಿದ ಸಕ್ಕರೆ ಹೆಚ್ಚಿನ ಗಿಡಗಳಲ್ಲಿ ಸುಕ್ರೋಸ್ ರೂಪದಲ್ಲಿ ಪಯಣಿಸುತ್ತದೆ. ಜರಡಿ ನಳಿಕೆಯ ಪಕ್ಕದಲ್ಲಿರುವ ಸಂಗಾತಿ ಜೀವಕೋಶಗಳು ಶಕ್ತಿ ವ್ಯಯಿಸಿ ಈ ಸುಕ್ರೋಸನ್ನು ನಳಿಕೆಯೊಳಗೆ ತುಂಬುತ್ತವೆ. ಅಲ್ಲಿ ಸಕ್ಕರೆಯ ಸಾಂದ್ರತೆ ಹೆಚ್ಚಾದೊಡನೆ ಪಕ್ಕದ ಕ್ಸೈಲಂನಿಂದ ನೀರು ಅಭಿಸರಣೆಯಿಂದ ಒಳನುಗ್ಗಿ ಒತ್ತಡ ಏರುತ್ತದೆ. ಹಲವು ಗಿಡಗಳಲ್ಲಿ ಇದು ವಾತಾವರಣದ ಒತ್ತಡದ ಹತ್ತು ಪಟ್ಟಿನ ಹತ್ತಿರ ಹೋಗುತ್ತದೆ. ಸಕ್ಕರೆ ಬಳಕೆಯಾಗುವ ಇನ್ನೊಂದು ತುದಿಯಲ್ಲಿ, ಅದು ಬೇರಿರಲಿ, ಕಾಯಿಯಿರಲಿ, ಚಿಗುರಿರಲಿ, ಸುಕ್ರೋಸ್ ನಳಿಕೆಯಿಂದ ಹೊರಹೋಗುವುದರಿಂದ ನೀರೂ ಹೊರಹೋಗಿ ಒತ್ತಡ ಇಳಿಯುತ್ತದೆ. ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ರಸ ಗಂಟೆಗೆ ಅರ್ಧದಿಂದ ಒಂದು ಮೀಟರಿನಷ್ಟು ವೇಗದಲ್ಲಿ ಹರಿಯುತ್ತದೆ. 1930ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಮ್ಯುಂಕ್ ಇದನ್ನು ಸಂಪೂರ್ಣ ರೂಪದಲ್ಲಿ ಮಂಡಿಸಿದರು. ದಿಕ್ಕು ಕೆಳಮುಖವೇ ಆಗಬೇಕೆಂದಿಲ್ಲ; ಚಾಟ್ನಿಯ ನಂತರ ದ್ರಾಕ್ಷಿಯ ಹೊಸ ಚಿಗುರಿಗೆ ಬೇರು ಮತ್ತು ಕಾಂಡದ ದಾಸ್ತಾನಿನಿಂದ ಸಕ್ಕರೆ ಮೇಲಕ್ಕೇ ಹೋಗುತ್ತದೆ.

ಈ ಒತ್ತಡವನ್ನು ತೋರಿಸಿಕೊಡುವುದು ಗಿಡದ ರಸ ಹೀರುವ ಹೇನು. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಾಣಿಸಿಕೊಂಡು ನಮ್ಮ ಕಬ್ಬಿಗೂ ಹರಡಿದ ಬಿಳಿ ಉಣ್ಣೆ ಹೇನನ್ನು ಈ ಭಾಗದ ರೈತರು ಮರೆತಿಲ್ಲ. ಅದು ಎಲೆಯ ಕೆಳಮೈಯಲ್ಲಿ ಕುಳಿತು ಸೂಜಿಯಂಥ ಬಾಯಿಯನ್ನು ನೇರವಾಗಿ ಜರಡಿ ನಳಿಕೆಗೆ ಚುಚ್ಚುತ್ತದೆ. ಬರುವ ರಸದಲ್ಲಿ ಸಕ್ಕರೆ ಬಹಳ, ಸಾರಜನಕ ಕಡಿಮೆ ಇರುವುದರಿಂದ ಹೆಚ್ಚಾದ ಸಕ್ಕರೆಯನ್ನು ಸಿಹಿ ಅಂಟಾಗಿ ಹೊರಹಾಕುತ್ತದೆ. ಕೆಳಗಿನ ಎಲೆಯ ಮೇಲೆ ಬಿದ್ದ ಆ ಅಂಟಿನ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ. ಹೇನು ಚುಚ್ಚಿಕೊಂಡಿರುವಾಗಲೇ ಅದರ ದೇಹವನ್ನು ಕತ್ತರಿಸಿ ಬಾಯಿಯ ಸೂಜಿಯನ್ನು ಮಾತ್ರ ಎಲೆಯಲ್ಲಿ ಬಿಟ್ಟರೆ, ಹೀರುವವರಿಲ್ಲದೆಯೂ ರಸ ಗಂಟೆಗಟ್ಟಲೆ ತಾನಾಗಿಯೇ ಹೊರಬರುವುದನ್ನು ಸಂಶೋಧಕರು 1953ರಲ್ಲಿ ತೋರಿಸಿದರು. ಕ್ಸೈಲಂ ಕತ್ತರಿಸಿದರೆ ಗಾಳಿ ಒಳಹೋಗುತ್ತದೆ, ಫ್ಲೋಯಂ ಚುಚ್ಚಿದರೆ ರಸ ಹೊರಬರುತ್ತದೆ.

ಸಕ್ಕರೆ ಎಲ್ಲಿ ನಿಂತಿದೆ ಎಂದು ಅಳೆಯುವುದು

ಒಂದು ಕಬ್ಬನ್ನು ಬುಡ, ನಡು, ತುದಿ ಎಂದು ಮೂರು ಭಾಗ ಮಾಡಿ, ಒಂದೊಂದರ ನಡುಗೆಣ್ಣಿನ ರಸವನ್ನು ಹಿಂಡಿ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಹಾಕಿ ಬ್ರಿಕ್ಸ್ (ರಸದಲ್ಲಿ ಕರಗಿದ ಸಕ್ಕರೆಯ ಶೇಕಡಾ ಅಳತೆ) ಓದಿ. ಪ್ರತಿ ಸಲವೂ ಗಾಜನ್ನು ನೀರಿನಿಂದ ತೊಳೆದು ಒರೆಸಬೇಕು. ಬಲಿಯದ ಕಬ್ಬಿನಲ್ಲಿ ಬುಡದ ಅಂಕಿ ಹೆಚ್ಚು, ತುದಿಯದು ಬಹಳ ಕಡಿಮೆ. ತುದಿ ಇನ್ನೂ ಬೆಳೆಯುತ್ತ ಬಂದ ಸಕ್ಕರೆಯನ್ನೆಲ್ಲ ಖರ್ಚು ಮಾಡುತ್ತಿರುತ್ತದೆ. ಕಬ್ಬು ಬಲಿತಂತೆ ಎರಡೂ ಅಂಕಿಗಳು ಹತ್ತಿರವಾಗುತ್ತವೆ. ಬ್ರಿಕ್ಸ್ 18 ದಾಟಿ, ತುದಿ ಬುಡಗಳ ಅಂಕಿ ಸಮೀಪಿಸಿದಾಗ ಕಟಾವಿಗೆ ಬಂದಿದೆ ಎಂದು ತಿಳಿಯಬಹುದು. ಕಟಾವಿನ ಮುಂಚೆ ಕೆಲವು ದಿನ ನೀರು ನಿಲ್ಲಿಸುವ ಪದ್ಧತಿಯ ಕಾರಣವೂ ಇದೇ: ನೀರಿನ ಕೊರತೆಯಲ್ಲಿ ಬೆಳವಣಿಗೆ ಮೊದಲು ನಿಲ್ಲುತ್ತದೆ, ಎಲೆ ಸಕ್ಕರೆ ಮಾಡುವುದು ಅನಂತರ ಕುಂದುತ್ತದೆ, ಆ ನಡುವಿನ ಸಕ್ಕರೆ ದಂಟಿನಲ್ಲಿ ಉಳಿಯುತ್ತದೆ. ಒಣದ್ರಾಕ್ಷಿ ಮಾಡುವವರು ಕಾಯಿಯಲ್ಲಿ 22 ಬ್ರಿಕ್ಸ್‌ನಷ್ಟಾದರೂ ಬರುವವರೆಗೆ ಕಾಯುವುದು ಒಳ್ಳೆಯದು.

ಉಪಕರಣವಿಲ್ಲದವರಿಗೆ ಸೀತನಿಯೇ, ಅಂದರೆ ಜೋಳದ ಎಳೆಯ ತೆನೆಯೇ, ಸಾಕು. ಹಾಲುಗಾಳಿನ ಜೋಳ ಸಿಹಿಯಾಗಿರುವುದು ಎಲೆಯಿಂದ ಬಂದ ಸಕ್ಕರೆ ಇನ್ನೂ ಪೂರ್ತಿಯಾಗಿ ಪಿಷ್ಟವಾಗಿಲ್ಲದಿರುವುದರಿಂದ. ಒಂದೇ ಹೊಲದಿಂದ ವಾರಕ್ಕೊಂದು ಸಲ ಕಾಳು ತಂದು ಒಂದನ್ನು ಅಗಿದು ನೋಡಿ, ಇನ್ನೊಂದನ್ನು ಅರೆದು ಅಯೋಡಿನ್ ಹಾಕಿ. ಸಿಹಿ ಇಳಿದಂತೆ ನೀಲಿಗಪ್ಪು ಬಣ್ಣ ಗಾಢವಾಗುತ್ತದೆ. ಅಯೋಡಿನ್ ಹಾಕಿದ್ದನ್ನು ತಿನ್ನಬಾರದು.

ಹಳದಿ ಎಲೆಯನ್ನು ಓದುವುದು

ಎರಡು ದಾರಿಗಳ ತಿಳಿವಳಿಕೆ ಗೊಬ್ಬರದ ವಿಷಯದಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎಲ್ಲ ಪೋಷಕಾಂಶಗಳೂ ಬೇರಿನಿಂದ ಕ್ಸೈಲಂ ಮೂಲಕ ಮೇಲೇರುತ್ತವೆ. ಆದರೆ ಒಮ್ಮೆ ಎಲೆಗೆ ಸೇರಿದ ಮೇಲೆ ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಷಿಯಂಗಳು ಫ್ಲೋಯಂ ಹತ್ತಿ ಹೊಸ ಚಿಗುರಿಗೆ ಹೋಗಬಲ್ಲವು. ಕಬ್ಬಿಣ ಅಷ್ಟಾಗಿ ಹೋಗದು, ಸುಣ್ಣದ ಅಂಶವಾದ ಕ್ಯಾಲ್ಸಿಯಂ ಹೋಗುವುದೇ ಇಲ್ಲವೆನ್ನಬಹುದು. ಆದ್ದರಿಂದ ಗಿಡದ ಎದುರು ನಿಂತು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಹಳದಿಯಾದದ್ದು ಹಳೆಯ ಎಲೆಯೋ ಹೊಸ ಎಲೆಯೋ ಎಂಬುದು. ಹಳೆಯ ಎಲೆ ಹಳದಿಯಾದರೆ ಮೊದಲ ಗುಂಪಿನ ಕೊರತೆಯನ್ನು ಶಂಕಿಸಬೇಕು. ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಟ್ಟಿದೆ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಹರಳು ಬೆರೆತ ನಮ್ಮ ಎರೆ ಭೂಮಿಯಲ್ಲಿ ದ್ರಾಕ್ಷಿ, ಲಿಂಬೆ, ಶೇಂಗಾಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ; ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವ ರೂಪದಲ್ಲಿರುವುದಿಲ್ಲ.

ಇಂಥಲ್ಲಿ ಕಬ್ಬಿಣದ ದ್ರಾವಣವನ್ನು ಒಂದು ಸಲ ಸಿಂಪಡಿಸಿ ಎಲೆ ಹಸಿರಾಯಿತೆಂದು ಬಿಟ್ಟರೆ, ಆಮೇಲೆ ಬರುವ ಚಿಗುರು ಮತ್ತೆ ಹಳದಿಯಾಗಿಯೇ ಹುಟ್ಟುತ್ತದೆ, ಏಕೆಂದರೆ ಸಿಂಪಡಿಸಿದ ಎಲೆಯಿಂದ ಅದಕ್ಕೆ ಕಬ್ಬಿಣ ಹೋಗಿಲ್ಲ. ಹೊಸ ಎಲೆ ಬಿಚ್ಚಿದಂತೆಲ್ಲ ಸಿಂಪಡಣೆಯನ್ನು ಪುನಃ ಮಾಡಬೇಕು, ಅಥವಾ ಬೇರಿಗೆ ಸಿಗುವ ಚಿಲೇಟ್ ರೂಪದಲ್ಲಿ ಹನಿ ನೀರಾವರಿಯ ಮೂಲಕ ಕೊಡಬೇಕು. ಕ್ಯಾಲ್ಸಿಯಂ ವಿಷಯದಲ್ಲೂ ಹಾಗೆಯೇ: ಎಲೆಗೆ ಹೊಡೆದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲವಾದ್ದರಿಂದ ಸಿಂಪಡಿಸುವಾಗ ನಳಿಗೆಯ ಬಾಯನ್ನು ಎಳೆಯ ಕಾಯಿಗಳ ಕಡೆಗೇ ಹಿಡಿಯಬೇಕು, ಮತ್ತು ಕಾಯಿ ಬೆಳೆಯುವ ವಾರಗಳಲ್ಲಿ ನೀರಿನ ಹರಿವು ಒಂದು ದಿನ ಹೆಚ್ಚು ಒಂದು ದಿನ ಇಲ್ಲ ಎಂದಾಗದಂತೆ ಸಮನಾಗಿ ಕೊಡುತ್ತಿರಬೇಕು.